ಬೇಡಿಕೆ ಪಟ್ಟಿಯಲ್ಲಿ ಇಲ್ಲದ ಒತ್ತಕ್ಷರ: ಒಂದು ಶಾಲೆಯ ಅಗತ್ಯ ವಿಶ್ಲೇಷಣೆ

ಇದು ಕಲ್ಯಾಣ ಕರ್ನಾಟಕದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ತನಗೆ ನಿಜವಾಗಿ ಏನು ಬೇಕೆಂದು ಹುಡುಕಿಕೊಂಡ ಪ್ರಕರಣ. ಊರು, ತಾಲೂಕು, ವರ್ಷ, ವ್ಯಕ್ತಿಗಳ ಹೆಸರು ಯಾವುದನ್ನೂ ಕೊಟ್ಟಿಲ್ಲ. ಗುರುತು ಸಿಗದಿರಲೆಂದು ಸಂಖ್ಯೆಗಳನ್ನೂ ಕೆಲವು ವಿವರಗಳನ್ನೂ ಬದಲಿಸಿದೆ. ನಿರ್ಧಾರಗಳು ಯಾವ ಕ್ರಮದಲ್ಲಿ ನಡೆದವು, ಎಲ್ಲಿ ತಪ್ಪಿದವು ಎಂಬುದನ್ನು ಹಾಗೆಯೇ ಉಳಿಸಿದೆ.

ಶಾಲೆಯ ಚಿತ್ರ

1ರಿಂದ 7ನೇ ತರಗತಿ, 150 ಮಕ್ಕಳು. ಮಂಜೂರಾದ ಹುದ್ದೆ 7, ಕೆಲಸದಲ್ಲಿದ್ದವರು 5, ಜೊತೆಗೆ ಒಬ್ಬ ಅತಿಥಿ ಶಿಕ್ಷಕಿ. ಮುಖ್ಯ ಶಿಕ್ಷಕರ ಹುದ್ದೆ ಖಾಲಿಯಿದ್ದು, ಹಿರಿಯ ಶಿಕ್ಷಕಿಯೊಬ್ಬರು ಪ್ರಭಾರದಲ್ಲಿದ್ದರು. 1ರಿಂದ 3ರವರೆಗಿನ 54 ಮಕ್ಕಳಿಗೆ ನಲಿ-ಕಲಿ (ಮಕ್ಕಳು ತಮ್ಮ ವೇಗದಲ್ಲಿ, ಚಟುವಟಿಕೆಯಿಂದ ಕಲಿಯುವ ಪದ್ಧತಿ) ನಡೆಸುತ್ತಿದ್ದವರು ಒಬ್ಬರೇ. ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನ ಎರಡು ಕಿಲೋಮೀಟರ್ ದೂರದ ತಾಂಡಾದವರು, ಮನೆಮಾತು ಲಂಬಾಣಿ. ದೀಪಾವಳಿ ಮುಗಿಯುತ್ತಿದ್ದಂತೆ ತಾಂಡಾದ ಹಲವು ಕುಟುಂಬಗಳು ಕಬ್ಬು ಕಡಿಯಲು ಹೊರಟರೆ ಮರಳುವುದು ಯುಗಾದಿ ಹೊತ್ತಿಗೆ.

ಕಾಗದದ ಮೇಲೆ ಶಾಲೆಗೆ ಅಂಥ ಕೊರತೆಯೇನೂ ಇರಲಿಲ್ಲ. ಸಂಕಲನಾತ್ಮಕ ಮೌಲ್ಯಮಾಪನದಲ್ಲಿ, ಅಂದರೆ ಅರ್ಧವರ್ಷದ ಕೊನೆಯ ಪರೀಕ್ಷೆಯಲ್ಲಿ, ಹೆಚ್ಚಿನ ಮಕ್ಕಳಿಗೆ ಎ ಅಥವಾ ಬಿ+ ಶ್ರೇಣಿ. ಶಿಕ್ಷಣ ಯೋಜನೆ ಮತ್ತು ಆಡಳಿತದ ರಾಷ್ಟ್ರೀಯ ಸಂಸ್ಥೆ ನೀಪಾ (ಆಗ ನ್ಯೂಪಾ) 2015ರಲ್ಲಿ ಹೊರತಂದ, ಶಾಲೆ ತನ್ನನ್ನು ತಾನೇ ಅಳೆದುಕೊಳ್ಳುವ ಶಾಲಾ ಸಿದ್ಧಿ ಚೌಕಟ್ಟಿನ 7 ಕ್ಷೇತ್ರ, 46 ಮಾನಕಗಳನ್ನೂ ತುಂಬಲಾಗಿತ್ತು. ಮೂರು ಹಂತಗಳಲ್ಲಿ ಬಹುತೇಕ ಎರಡನೆಯದು, ಅಲ್ಲಲ್ಲಿ ಎಲ್ಲಕ್ಕಿಂತ ಮೇಲಿನ ಮೂರನೆಯದು. ಆ ಚೌಕಟ್ಟು ಒಳ್ಳೆಯದೇ. ಆದರೆ ಇಲ್ಲಿ ಅದನ್ನು ತುಂಬಿದ್ದು ಒಬ್ಬ ಶಿಕ್ಷಕರು, ಒಂದು ಮಧ್ಯಾಹ್ನ, ಹಿಂದಿನ ವರ್ಷದ ಪ್ರತಿಯನ್ನು ಪಕ್ಕದಲ್ಲಿಟ್ಟುಕೊಂಡು. 46 ಮಾನಕಗಳಲ್ಲಿ ಒಂದಕ್ಕೂ ಪುರಾವೆ ಏನೆಂದು ಯಾರೂ ಕೇಳಿರಲಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 22ನೇ ಸೆಕ್ಷನ್ ಪ್ರಕಾರ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತಯಾರಿಸಬೇಕಾದ ಶಾಲಾ ಅಭಿವೃದ್ಧಿ ಯೋಜನೆಯೂ ಇತ್ತು. ಅದರಲ್ಲಿ ಬರೆದಿದ್ದು ಕಾಂಪೌಂಡ್, ಎರಡು ಕೊಠಡಿ, ಇಬ್ಬರು ಶಿಕ್ಷಕರು, ಸ್ಮಾರ್ಟ್ ಟಿವಿ, ಕಂಪ್ಯೂಟರ್. ಇವು ಬೇಡವೆಂದಲ್ಲ. ಆದರೆ ಕಲಿಕೆಯ ಬಗ್ಗೆ ಆ ಪಟ್ಟಿಯಲ್ಲಿ ಒಂದು ಸಾಲೂ ಇರಲಿಲ್ಲ.

ಸಮಸ್ಯೆ ಕಣ್ಣಿಗೆ ಬಿದ್ದದ್ದು

ಜೂನ್ ತಿಂಗಳ ಒಂದು ಭೇಟಿಯಲ್ಲಿ ಸಿ.ಆರ್.ಪಿ. (ಸುತ್ತಲಿನ ಶಾಲೆಗಳಿಗೆ ನೆರವಾಗುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಆರನೇ ತರಗತಿಯ ಹುಡುಗಿಗೆ ಕಪ್ಪುಹಲಗೆಯ ಮೇಲೆ ಒಂದು ವಾಕ್ಯ ಬರೆದುಕೊಟ್ಟರು: ‘ಹೊಲದ ದಾರಿಯಲ್ಲಿ ಅಜ್ಜ ಕತ್ತೆಯನ್ನು ನಿಲ್ಲಿಸಿದ.’ ಅವಳು ಓದಿದ್ದು: ‘ಹೊಲದ ದಾರಿಯಲಿ ಅಜ್ಜ ಕತೆಯನು ನಿಲಿಸಿದ.’ ಅಜ್ಜ ಏನು ಮಾಡಿದ ಎಂದರೆ ಸುಮ್ಮನಾದಳು. ಅವಳ ನೋಟ್‌ಬುಕ್ಕಿನಲ್ಲಿ ಮಾತ್ರ ಮುತ್ತು ಪೋಣಿಸಿದಂಥ ಅಕ್ಷರ, ಪಾಠದ ಎಲ್ಲ ಪ್ರಶ್ನೋತ್ತರ, ಪ್ರತಿ ಪುಟಕ್ಕೂ ಶಿಕ್ಷಕರ ಸಹಿ. ಹಲಗೆಯ ಮೇಲಿನ ಉತ್ತರವನ್ನು ನೋಡಿ ಬರೆಯುವುದು, ಬಾಯಿಪಾಠ ಮಾಡುವುದು, ಪರೀಕ್ಷೆಯಲ್ಲಿ ಅದನ್ನೇ ಇಳಿಸುವುದು. ಎ ಶ್ರೇಣಿ ಬರುತ್ತಿದ್ದ ದಾರಿ ಇದು.

ಅವಳು ‘ಅಜ್ಜ’ ಎಂಬುದನ್ನು ಸರಿಯಾಗಿ ಓದಿದ್ದಳು. ಆ ಹೊತ್ತಿಗೆ ಅಲ್ಲಿದ್ದ ಯಾರೂ ಅದನ್ನು ಗಮನಿಸಲಿಲ್ಲ. ಅದರ ಬೆಲೆ ಗೊತ್ತಾಗಲು ಆರು ವಾರ ಬೇಕಾಯಿತು.

ಮಾಡಿದ್ದೇನು

ಪ್ರಭಾರ ಮುಖ್ಯ ಶಿಕ್ಷಕಿ, ಇಬ್ಬರು ಶಿಕ್ಷಕರು, ಸಿ.ಆರ್.ಪಿ., ತಾಂಡಾದ ಒಬ್ಬ ತಾಯಿ (ಎಸ್‌ಡಿಎಂಸಿ ಸದಸ್ಯೆ) ಸೇರಿ ಐವರ ತಂಡವಾಯಿತು. ಶಾಲೆಗೆ ಏನು ಬೇಕು ಎಂದು ಕೇಳುತ್ತ ಹೊರಡಬಾರದು, ಯಾವ ಮಗು ಯಾವ ಮೆಟ್ಟಿಲಲ್ಲಿ ನಿಂತಿದೆ ಎಂಬುದನ್ನು ಮೊದಲು ಬರೆದುಕೊಳ್ಳಬೇಕು ಎಂದು ತಂಡ ತೀರ್ಮಾನಿಸಿತು.

4ರಿಂದ 7ನೇ ತರಗತಿಯ 96 ಮಕ್ಕಳನ್ನೂ ಒಬ್ಬೊಬ್ಬರಾಗಿ ಓದಿಸಲಾಯಿತು. ಒಂದೇ ಹಾಳೆಯಲ್ಲಿ ಆರು ಹಂತ: ಮೂಲಾಕ್ಷರ 10, ಕಾಗುಣಿತ 10, ಸರಳ ಪದ 10, ಸಜಾತಿ ಒತ್ತಕ್ಷರದ ಪದ 10, ವಿಜಾತಿ ಒತ್ತಕ್ಷರದ ಪದ 10, ಕೊನೆಗೆ 60 ಪದಗಳ ಗದ್ಯ ಮತ್ತು ನಾಲ್ಕು ಪ್ರಶ್ನೆ. ನಾಲ್ಕರಲ್ಲಿ ಎರಡಕ್ಕೆ ಉತ್ತರ ಗದ್ಯದಲ್ಲೇ ಇರುತ್ತದೆ, ಇನ್ನೆರಡಕ್ಕೆ ಯೋಚಿಸಿ ಹೇಳಬೇಕು. 10ರಲ್ಲಿ 8 ಸರಿಯಾದರೆ ಹಂತ ದಾಟಿದಂತೆ. ಮಗು ತಪ್ಪಿದಾಗ ತಿದ್ದುವಂತಿಲ್ಲ, ಏನು ಓದಿತೋ ಅದನ್ನು ಹಾಗೆಯೇ ಬರೆದುಕೊಳ್ಳಬೇಕು. ಬರೀ ಸರಿ-ತಪ್ಪು ಗುರುತು ಹಾಕಿ ಬಿಟ್ಟಿದ್ದರೆ ಈ ಪ್ರಕರಣ ಬೇರೆ ದಿಕ್ಕಿಗೆ ಹೋಗುತ್ತಿತ್ತು.

ಒಂದು ಮಗುವಿಗೆ 8ರಿಂದ 10 ನಿಮಿಷ ಹಿಡಿಯಿತು. ಇಬ್ಬರು ಪರೀಕ್ಷಕರು, ದಿನಕ್ಕೆ ಮೊದಲ ಎರಡು ಅವಧಿ, ಆರು ದಿನ. ತಮ್ಮ ತರಗತಿಯ ಮಕ್ಕಳನ್ನು ತಾವೇ ಓದಿಸಬಾರದೆಂಬ ನಿಯಮವಿತ್ತು. ಮೊದಲ ದಿನ ಅದನ್ನು ಮುರಿದು ನೋಡಿದಾಗಲೇ ಕಾರಣ ತಿಳಿಯಿತು. ಮಗು ತಡವರಿಸಿದಾಗ ತನ್ನದೇ ಶಿಕ್ಷಕರ ತುಟಿ ತಾನಾಗಿ ಅಲುಗುತ್ತದೆ, ಮಗು ಹಾಳೆಯನ್ನು ಬಿಟ್ಟು ತುಟಿಯನ್ನು ಓದುತ್ತದೆ. ಆ ದಿನದ ಎಂಟು ಮಕ್ಕಳನ್ನು ಮತ್ತೆ ಬೇರೆಯವರು ಓದಿಸಿದರು.

ಫಲಿತಾಂಶ ಹೀಗಿತ್ತು. ಮೂಲಾಕ್ಷರ ಅಥವಾ ಕಾಗುಣಿತದಲ್ಲೇ ನಿಂತವರು 11. ಸರಳ ಪದ ಓದಿ ಒತ್ತಕ್ಷರದಲ್ಲಿ ನಿಂತವರು 38. ಒತ್ತಕ್ಷರವನ್ನೂ ಓದಿ, ಗದ್ಯದ ಅರ್ಥ ಹೇಳಲಾಗದವರು 19. ಎಲ್ಲ ಹಂತ ದಾಟಿದವರು 28. ಗಣಿತದ ಹಾಳೆಯೂ ಇತ್ತು. ದಶಕ ಸಹಿತ ಕಳೆಯುವ ಲೆಕ್ಕದಲ್ಲಿ ದೊಡ್ಡ ಗುಂಪು ನಿಂತಿತ್ತು. ಅದನ್ನು ಶಾಲಾ ವರ್ಷದ ಎರಡನೇ ಅರ್ಧಕ್ಕೆಂದು ಉದ್ದೇಶಪೂರ್ವಕವಾಗಿ ಬದಿಗಿಟ್ಟರು. ಐದು ಜನರ ಶಾಲೆ ಎರಡನ್ನೂ ಒಟ್ಟಿಗೆ ಹಿಡಿದರೆ ಎರಡೂ ಕೈಜಾರುತ್ತವೆ.

ಮೊದಲ ತಪ್ಪು ತೀರ್ಮಾನ

ಈ ಅಂಕಿ ಹೊರಬಿದ್ದ ಸಭೆಯಲ್ಲಿ ಎಲ್ಲರ ಕಣ್ಣು ನಲಿ-ಕಲಿ ಶಿಕ್ಷಕಿಯ ಮೇಲೆ ಹೋಯಿತು. ಒತ್ತಕ್ಷರ ಕಲಿಸಬೇಕಾದದ್ದು ಅಲ್ಲಿ, ಮಕ್ಕಳಿಗೆ ಬಂದಿಲ್ಲ, ಆದ್ದರಿಂದ ಅಲ್ಲೇ ದೋಷ ಎಂಬ ಲೆಕ್ಕ. ಅವರಿಗೊಂದು ತರಬೇತಿ ಕೊಡಿಸಬೇಕೆಂದು ನಡಾವಳಿಯಲ್ಲಿ ಬರೆದೂ ಆಯಿತು. ಮುಂದಿನ ಹತ್ತು ದಿನ ಆ ಶಿಕ್ಷಕಿ ಯಾವ ಸಭೆಯಲ್ಲೂ ಬಾಯಿಬಿಡಲಿಲ್ಲ. ಶಾಲೆಯಲ್ಲಿ ಒತ್ತಕ್ಷರದ ಬಗ್ಗೆ ಅತಿ ಹೆಚ್ಚು ತಿಳಿದಿದ್ದವರು ಅವರೇ ಆಗಿದ್ದರು ಎಂಬುದು ನಂತರ ಗೊತ್ತಾಯಿತು.

ತೀರ್ಮಾನವನ್ನು ತಿರುಗಿಸಿದ್ದು ಹಾಜರಿ ಪುಸ್ತಕ. ಆ 38 ಮಕ್ಕಳ ಎರಡು ಮತ್ತು ಮೂರನೇ ತರಗತಿಯ ಹಾಜರಿಯನ್ನು ಸಿ.ಆರ್.ಪಿ. ತೆಗೆಸಿ ನೋಡಿದರು. 27 ಮಕ್ಕಳು ಆ ಎರಡು ವರ್ಷಗಳಲ್ಲಿ ಯಾವುದಾದರೂ ಒಂದರಲ್ಲಿ ಸತತ 40 ದಿನಕ್ಕೂ ಹೆಚ್ಚು ಶಾಲೆಯಲ್ಲಿರಲಿಲ್ಲ. ತಂಗಿಯನ್ನು ಎತ್ತಿಕೊಂಡು ಕಬ್ಬಿನ ಗದ್ದೆಯ ಬದುವಿನಲ್ಲಿದ್ದರು.

ನಲಿ-ಕಲಿಯ ಜೀವಾಳವೇ ಇದಕ್ಕೆ ಮದ್ದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು, 2009-10ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿದ ಈ ಪದ್ಧತಿ ಅಕ್ಷರಗಳನ್ನು ವರ್ಣಮಾಲೆಯ ಸಾಲಿನಲ್ಲಿ ಕಲಿಸುವುದಿಲ್ಲ, ರ-ಗ-ಸ-ದ-ಅ ಎಂದು ಶುರುಮಾಡುತ್ತದೆ. ಕಲಿಕಾ ಏಣಿಯಲ್ಲಿ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗಬೇಕು. ಆದರೆ 54 ಮಕ್ಕಳಿಗೆ ಒಬ್ಬರೇ ಇದ್ದಾಗ, ಮಾರ್ಚಿನಲ್ಲಿ ಮರಳಿದ ಒಂಬತ್ತು ಮಕ್ಕಳನ್ನು ಒಂಬತ್ತು ಮೆಟ್ಟಿಲಲ್ಲಿ ಕೂರಿಸುವುದು ಆಗುವ ಮಾತಲ್ಲ. ಉಳಿದ ಗುಂಪು ಎಲ್ಲಿತ್ತೋ ಅಲ್ಲಿಗೇ ಅವರನ್ನು ಸೇರಿಸಲಾಗುತ್ತಿತ್ತು. ಮಕ್ಕಳ ಕಲಿಕೆ ದಾಖಲಿಸುವ ಪ್ರಗತಿ ನೋಟದಲ್ಲಿ ಮಾತ್ರ ಮೈಲಿಗಲ್ಲುಗಳು ಭರ್ತಿಯಾಗುತ್ತಿದ್ದವು. ನಾಲ್ಕನೇ ತರಗತಿಯ ಪುಸ್ತಕ ಒತ್ತಕ್ಷರ ಬಂದೇ ಬಂದಿದೆ ಎಂದುಕೊಂಡು ಮೊದಲ ಪಾಠ ತೆರೆಯುತ್ತದೆ.

ನಡಾವಳಿಯ ಸಾಲನ್ನು ಮುಂದಿನ ಸಭೆಯಲ್ಲಿ ಹೊಡೆದುಹಾಕಿ, ಮುಖ್ಯ ಶಿಕ್ಷಕಿ ಎಲ್ಲರೆದುರು ‘ತಪ್ಪು ನಮ್ಮದು, ಟೀಚರ್’ ಎಂದರು. ಅಗತ್ಯ ವಿಶ್ಲೇಷಣೆಯ ಕೈಪಿಡಿಗಳಲ್ಲಿ ಈ ಹೆಜ್ಜೆ ಇರುವುದಿಲ್ಲ. ಇದಿಲ್ಲದಿದ್ದರೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ.

ತರಗತಿ ಮತ್ತು ಮುಖ್ಯ ಶಿಕ್ಷಕಿಯ ಸಮಯ

ತರಗತಿ ವೀಕ್ಷಣೆ ಮೊದಲ ವಾರ ಕೆಟ್ಟಿತು. ಶಿಕ್ಷಕರಿಗೆ ಅದು ತಪಾಸಣೆಯಂತೆ ಕಂಡಿತು. ಒಬ್ಬರು ಹಿಂದಿನ ದಿನ ಮುಗಿಸಿದ ಪಾಠವನ್ನೇ ಚಾರ್ಟು ಹಿಡಿದು ಮತ್ತೆ ಮಾಡಿ ತೋರಿಸಿದರು. ಆಗ ಮುಖ್ಯ ಶಿಕ್ಷಕಿ ಕ್ರಮವನ್ನೇ ತಲೆಕೆಳಗು ಮಾಡಿದರು. ತಾವು ತೆಗೆದುಕೊಳ್ಳುವ ಏಳನೇ ತರಗತಿಯ ಸಮಾಜ ವಿಜ್ಞಾನದ ಅವಧಿಗೆ ಶಾಲೆಯ ಅತಿ ಕಿರಿಯ ಶಿಕ್ಷಕರನ್ನು ಕರೆದು, ಹಾಳೆ ಕೊಟ್ಟು, ಹಿಂದಿನ ಬೆಂಚಿನಲ್ಲಿ ಕೂರಿಸಿದರು. 40 ನಿಮಿಷದಲ್ಲಿ ಮಾತಾಡಿದ್ದು ಬಹುತೇಕ ತಾವೇ, ಒಬ್ಬೊಬ್ಬರಾಗಿ ಓದಿದ ಮಕ್ಕಳು ಇಬ್ಬರೇ ಎಂದು ಆ ಹಾಳೆ ಹೇಳಿತು. ಅದನ್ನು ಅವರು ಶಿಕ್ಷಕರ ಕೊಠಡಿಯ ಗೋಡೆಗೆ ಅಂಟಿಸಿದರು. ಆಮೇಲೆ ಯಾರೂ ತಯಾರಿಸಿದ ಪಾಠ ತೋರಿಸಲಿಲ್ಲ.

ಹಾಳೆ ಸರಳವಾಗಿತ್ತು: ಐದೈದು ನಿಮಿಷಕ್ಕೊಂದು ಗೆರೆ, ಆ ಹೊತ್ತಿನಲ್ಲಿ ಯಾರು ಮಾತಾಡುತ್ತಿದ್ದಾರೆ, ಯಾರು ಓದುತ್ತಿದ್ದಾರೆ. ಅಭಿಪ್ರಾಯ ಬರೆಯುವ ಜಾಗವೇ ಇಲ್ಲ. 12 ಅವಧಿಗಳ ನಂತರ ಎದ್ದು ಕಂಡಿದ್ದು, ಒಂದು ಅವಧಿಯಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಓದುವ ಹೊತ್ತು ಸರಾಸರಿ 3 ನಿಮಿಷ, ಅದೂ ಮುಂದಿನ ಸಾಲಿನ ಅದೇ ನಾಲ್ಕೈದು ಮಕ್ಕಳು. ಉಳಿದದ್ದೆಲ್ಲ ಸಾಮೂಹಿಕ ಓದು. ಸಾಮೂಹಿಕ ಓದಿನಲ್ಲಿ ಒತ್ತಕ್ಷರ ಬಾರದ ಮಗು ಪಕ್ಕದವರ ದನಿಯ ಮೇಲೆ ತೇಲಿಹೋಗುತ್ತದೆ, ಶಿಕ್ಷಕರ ಕಿವಿಗೆ ಸಿಗುವುದೇ ಇಲ್ಲ.

ಮುಖ್ಯ ಶಿಕ್ಷಕಿ ಎರಡು ವಾರ ಅರ್ಧರ್ಧ ಗಂಟೆಯ ದಿನಚರಿಯನ್ನೂ ಬರೆದರು. 67 ಗಂಟೆಗಳಲ್ಲಿ ಆನ್‌ಲೈನ್ ಮಾಹಿತಿ ಮತ್ತು ವಾಟ್ಸಾಪ್ ಗುಂಪುಗಳ ಉತ್ತರಕ್ಕೆ 18, ಪಾಠಕ್ಕೆ 17, ಬಿಸಿಯೂಟ, ಹಾಲು, ಮೊಟ್ಟೆ ಮತ್ತು ಅವುಗಳ ಲೆಕ್ಕಕ್ಕೆ 15, ತಾಲೂಕಿನ ಸಭೆಗಳಿಗೆ 9, ಬಂದುಹೋಗುವವರಿಗೆ 7. ಇನ್ನೊಬ್ಬರ ತರಗತಿಯಲ್ಲಿ ಕೂತದ್ದು 1 ಗಂಟೆ. ‘ನಾಯಕತ್ವ ಬಲಪಡಿಸಬೇಕು’ ಎಂದು ಯೋಜನೆಯಲ್ಲಿ ಬರೆಯುವುದು ಸುಲಭ. ಆ ಒಂದು ಗಂಟೆಯನ್ನು ನಾಲ್ಕು ಮಾಡುವುದು ಹೇಗೆ ಎಂಬುದು ಅಲ್ಲಿನ ನಿಜವಾದ ಅಗತ್ಯವಾಗಿತ್ತು.

ಪೋಷಕರ ಸಭೆ ಶಾಲೆಯಲ್ಲಿ ಎರಡು ಬಾರಿ ಕರೆದರೂ ತಾಂಡಾದಿಂದ ಬಂದವರು ಮೂವರು. ತಂಡದ ತಾಯಿಯ ಸಲಹೆಯಂತೆ ರಾತ್ರಿ ಏಳೂವರೆಗೆ ತಾಂಡಾದ ಸೇವಾಲಾಲ ಗುಡಿಯ ಕಟ್ಟೆಯ ಮೇಲೆ ಕರೆದಾಗ ನಲವತ್ತಕ್ಕೂ ಹೆಚ್ಚು ಜನ. ‘ಪ್ರತಿ ವರ್ಷಾ ಪಾಸ್ ಅಂತ ಬರ್ದು ಕೊಡ್ತೀರಿ ಮೇಡಂ, ಬಸ್ಸಿನ ಬೋರ್ಡ್ ಓದು ಅಂದ್ರ ಓದಂಗಿಲ್ಲ’ ಎಂದರು ಒಬ್ಬ ಅಪ್ಪ. ಶಾಲೆ ಆರು ದಿನ ಅಳೆದು ಕಂಡದ್ದು ಅವರಿಗೆ ಬಸ್ ನಿಲ್ದಾಣದಲ್ಲೇ ತಿಳಿದಿತ್ತು.

ಆಯ್ಕೆ

ಈಗ ಕೈಯಲ್ಲಿ 23 ಅಗತ್ಯಗಳ ಪಟ್ಟಿ. ಪ್ರತಿಯೊಂದಕ್ಕೂ ಎರಡು ಪ್ರಶ್ನೆ: ಪುರಾವೆ ಇದೆಯೇ? ಆರು ವಾರದೊಳಗೆ ಶಾಲೆಯೇ ಏನಾದರೂ ಮಾಡಬಹುದೇ? ಎರಡಕ್ಕೂ ಹೌದು ಎಂದದ್ದು ಮೂರೇ: ಒತ್ತಕ್ಷರ, ಒಬ್ಬೊಬ್ಬರ ಓದಿನ ಹೊತ್ತು, ಮುಖ್ಯ ಶಿಕ್ಷಕಿಯ ತರಗತಿ ಭೇಟಿ. ಕಾಂಪೌಂಡ್ ಪಂಚಾಯಿತಿಯ ಕಡತಕ್ಕೆ, ಹುದ್ದೆಗಳು ಇಲಾಖೆಗೆ ಹೋದವು.

ಟಿವಿ ಬಗ್ಗೆ ಬಿಸಿಬಿಸಿ ಚರ್ಚೆಯಾಯಿತು. ಮಕ್ಕಳ ಸಂಖ್ಯೆ 101ರಿಂದ 250ರೊಳಗಿದ್ದರೆ ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾ ಅನುದಾನ 50,000 ರೂಪಾಯಿ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ, ಉಳಿದದ್ದರಲ್ಲಿ ರಿಪೇರಿ, ವಿದ್ಯುತ್, ಬೋಧನೋಪಕರಣ. ಎಸ್‌ಡಿಎಂಸಿ ಅಧ್ಯಕ್ಷರಿಗೆ ಟಿವಿ ಬೇಕಿತ್ತು, ಊರಿಗೆ ಕಾಣುವ ಕೆಲಸ ಅದು. ಮುಖ್ಯ ಶಿಕ್ಷಕಿ ವಾದ ಮಾಡಲಿಲ್ಲ. ಆರನೇ ತರಗತಿಯ ಮೂವರನ್ನು ಕರೆದು ಅವರೆದುರು ಓದಿಸಲು ಹೊರಟರು. ತಂಡದ ತಾಯಿ ತಡೆದರು: ಮಕ್ಕಳಿಗೆ ಅವಮಾನವಾಗುತ್ತದೆ, ಹಾಳೆಗಳನ್ನೇ ತೋರಿಸಿ ಎಂದರು. ಹೆಸರು ಮುಚ್ಚಿದ ಹಾಳೆಗಳನ್ನು ನೋಡಿ ಅಧ್ಯಕ್ಷರು ಟಿವಿಯನ್ನು ಮುಂದಿನ ವರ್ಷಕ್ಕೆ ಬಿಟ್ಟರು. ಓದುವ ಪಟ್ಟಿ, ಬಿಳಿ ಹಲಗೆ, ಪುಸ್ತಕ ನೇತುಹಾಕುವ ಬಟ್ಟೆ ಎಲ್ಲ ಸೇರಿ ಖರ್ಚಾದದ್ದು ಏಳು ಸಾವಿರದೊಳಗೆ.

ಒತ್ತು ಎಂದರೆ ಯಾವ ಒತ್ತು

ದಿನವೂ ಮೊದಲ ಅವಧಿಗೆ 5 ನಿಮಿಷ ಸೇರಿಸಿ, 45 ನಿಮಿಷ 4ರಿಂದ 7ರ ಮಕ್ಕಳನ್ನು ತರಗತಿ ಬಿಟ್ಟು ಹಂತದ ಪ್ರಕಾರ ನಾಲ್ಕು ಗುಂಪು ಮಾಡಲಾಯಿತು. ಅತಿಥಿ ಶಿಕ್ಷಕಿ ನಲಿ-ಕಲಿಗೆ ಹೋಗಿ ಅಲ್ಲಿನ 54 ಮಕ್ಕಳು 27ರಂತೆ ಎರಡಾದರು. 38 ಮಕ್ಕಳ ಗುಂಪಿಗೆ ಸಜಾತಿ ಮುಗಿಸಿ ವಿಜಾತಿ ಎಂಬ ವಾಡಿಕೆಯ ಕ್ರಮದಲ್ಲಿ ಪಾಠ ಶುರುವಾಯಿತು. ಎರಡು ವಾರವಾದರೂ ಮುಂದೆ ಸಾಗಲಿಲ್ಲ.

ಆಗ ನಲಿ-ಕಲಿ ಶಿಕ್ಷಕಿ ಹಳೆಯ ಓದಿನ ಹಾಳೆಗಳನ್ನು ತರಿಸಿಕೊಂಡು ತಪ್ಪುಗಳನ್ನು ಒಂದೊಂದಾಗಿ ಎಣಿಸಿದರು. ಅಕ್ಕ, ಅಜ್ಜ, ಹಬ್ಬ, ಅಪ್ಪ ಇವುಗಳಲ್ಲಿ ತಪ್ಪು ಕಡಿಮೆ. ಅಮ್ಮ, ಅನ್ನ, ಕತ್ತೆ, ಬೆಲ್ಲ ಇವುಗಳಲ್ಲಿ ಸಾಲುಸಾಲು. ಕನ್ನಡದಲ್ಲಿ ಬಹುತೇಕ ಒತ್ತುಗಳು ತಲೆಕಟ್ಟು ಕಳಚಿದ ಮೂಲಾಕ್ಷರದ ಚಿಕ್ಕ ರೂಪಗಳೇ. ಕ, ಜ, ಬ, ಪ ಕೆಳಗೆ ಇಳಿದರೂ ಗುರುತು ಸಿಗುತ್ತವೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಅಕ್ಷರವನ್ನು ಹೋಲುವುದೇ ಇಲ್ಲ. 38ರಲ್ಲಿ 21 ಮಕ್ಕಳು ನಿಂತದ್ದು ಈ ಆರರಲ್ಲಿ ಮಾತ್ರ. ಜೂನ್‌ನಲ್ಲಿ ಆ ಹುಡುಗಿ ಅಜ್ಜನನ್ನು ಓದಿ ಕತ್ತೆಯಲ್ಲಿ ಎಡವಿದ್ದಕ್ಕೆ ಕಾರಣ ಇದೇ. ‘ಒತ್ತಕ್ಷರ ಬರುವುದಿಲ್ಲ’ ಎಂಬ ಅಗತ್ಯವೇ ತೀರಾ ಒರಟಾಗಿತ್ತು.

ಕ್ರಮ ಬದಲಾಯಿತು. ಆಕಾರ ಉಳಿಸಿಕೊಳ್ಳುವ ಒತ್ತುಗಳಿಗೆ ಮೂರು ದಿನ ಸಾಕಾಯಿತು. ಆಕಾರ ಬದಲಿಸುವ ಆರಕ್ಕೆ ಒಂದೊಂದಕ್ಕೂ ಒಂದು ವಾರ. ಸೋಮವಾರ ಬರೀ ಕಿವಿಯ ಕೆಲಸ: ಕತೆ–ಕತ್ತೆ, ಎಲೆ–ಎಲ್ಲೆ ಹೇಳಿದಾಗ ಒತ್ತು ಕೇಳಿಸಿದರೆ ಅಂಗೈ ತಟ್ಟುವುದು. ಮಂಗಳವಾರ ಮೂಲಾಕ್ಷರ, ಅದರ ಒತ್ತು ಎರಡನ್ನೂ ಅಕ್ಕಪಕ್ಕ ಬರೆದು ಮರಳಿನಲ್ಲಿ ತಿದ್ದುವುದು. ನಂತರದ ದಿನಗಳಲ್ಲಿ ಪದ, ವಾಕ್ಯ, ಇಬ್ಬಿಬ್ಬರು ಕೂತು ಓದುವುದು. ಅರ್ಕಾವತ್ತು ಕೊನೆಗೆ, ಬೇರೆಯಾಗಿ. ಅದನ್ನು ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ‘ಸೂರ್ಯ’ವನ್ನು ‘ಸೂಯರ’ ಎನ್ನುವ ಮಗು ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಓದುತ್ತಿದೆ.

ಗುಂಪು ಹಂಚಿಕೆಯಲ್ಲಿ ಒಂದು ದೊಡ್ಡ ತಪ್ಪಾಯಿತು. ಅತಿ ಹಿಂದುಳಿದ 11 ಮಕ್ಕಳನ್ನು ಮುಖ್ಯ ಶಿಕ್ಷಕಿ ತಾವೇ ಇಟ್ಟುಕೊಂಡರು. ಮನಸ್ಸು ಒಳ್ಳೆಯದು, ಲೆಕ್ಕ ತಪ್ಪು. ಮೊದಲ 18 ದಿನಗಳಲ್ಲಿ 9 ದಿನ ಫೋನು, ಸಭೆ, ಬಂದವರು ಎಂದು ಆ ಗುಂಪಿಗೇ ಪಾಠವಿಲ್ಲ. ಒಂದು ದಿನವೂ ತಪ್ಪಬಾರದ ಮಕ್ಕಳಿಗೆ ಹೆಚ್ಚು ದಿನ ತಪ್ಪಿದವು. ನಾಲ್ಕನೇ ವಾರ ಅವರು ಸ್ವಂತ ಓದಬಲ್ಲ 28 ಮಕ್ಕಳ ಗುಂಪಿಗೆ ಬದಲಾಗಿ, 11 ಮಕ್ಕಳು ಅನುಭವಿ ಕನ್ನಡ ಶಿಕ್ಷಕರ ಪಾಲಿಗೆ ಹೋದರು.

ಭೇಟಿಯ ಹೊತ್ತಿಗಾಗಿ ಆನ್‌ಲೈನ್ ಕೆಲಸ ಮೂರೂವರೆಯ ನಂತರಕ್ಕೆ ಹೋಯಿತು. ಬಿಸಿಯೂಟದ ದಿನದ ಎಣಿಕೆಯನ್ನು ಶಿಕ್ಷಕರು ಸರದಿಯಲ್ಲಿ ಮಾಡಿ, ಸಂಜೆ ಹತ್ತು ನಿಮಿಷದಲ್ಲಿ ಮುಖ್ಯ ಶಿಕ್ಷಕಿ ತಾಳೆ ನೋಡಿ ಸಹಿ ಹಾಕುವಂತಾಯಿತು. ತುರ್ತಿಲ್ಲದ ಮಾಹಿತಿಯನ್ನು ಶನಿವಾರವೇ ಕೇಳುವುದಾಗಿ ಸಿ.ಆರ್.ಪಿ. ಒಪ್ಪಿದರು. ಮಂಗಳವಾರ, ಗುರುವಾರ 20 ನಿಮಿಷದ ಭೇಟಿ, ಒಂದೇ ಪ್ರಶ್ನೆ: ಇವತ್ತು ಎಷ್ಟು ಮಕ್ಕಳು ಒಬ್ಬೊಬ್ಬರಾಗಿ ಓದಿದರು? ಪುಸ್ತಕದಲ್ಲಿ ಬರೆಯುವಂತಿಲ್ಲ. ಅದೇ ದಿನ ಚಹಾದ ಹೊತ್ತಿಗೆ ಮಾತು.

ಏನಾಯಿತು

ದಸರಾ ರಜೆ ಬಿಟ್ಟು 12 ವಾರಗಳ ನಂತರ, ಅದೇ ಹಂತಗಳ, ಬೇರೆ ಪದಗಳ ಹಾಳೆಯಲ್ಲಿ ಮತ್ತೆ ಓದಿಸಲಾಯಿತು. 38ರಲ್ಲಿ 23 ಮಕ್ಕಳು ಎರಡೂ ಒತ್ತಕ್ಷರದ ಹಂತ ದಾಟಿದ್ದರು. 9 ಮಕ್ಕಳು ಸಜಾತಿ ದಾಟಿ ವಿಜಾತಿಯಲ್ಲಿದ್ದರು. 6 ಮಕ್ಕಳು ಅಷ್ಟರಲ್ಲಿ ಕಬ್ಬಿಗೆ ಹೋಗಿಯಾಗಿತ್ತು. ತರಗತಿಗಳಲ್ಲಿ ಒಬ್ಬೊಬ್ಬರ ಓದು 3 ನಿಮಿಷದಿಂದ 11ಕ್ಕೆ ಏರಿತ್ತು.

ಅರ್ಥ ಹೇಳಲಾಗದ 19ರಲ್ಲಿ ಮುಂದೆ ಬಂದವರು ಐವರೇ. ಆ ಗುಂಪಿಗೆ ಕೊಟ್ಟದ್ದು ಇನ್ನಷ್ಟು ಗಟ್ಟಿ ಓದು. ಅವರಿಗೆ ಬೇಕಿದ್ದದ್ದು ಮಾತು: ಕನ್ನಡದಲ್ಲಿ ಕತೆ ಕೇಳಿ, ಲಂಬಾಣಿಯಲ್ಲಾದರೂ ಅದನ್ನು ಮರಳಿ ಹೇಳುವ ಅವಕಾಶ. ಅಳತೆ ಸರಿಯಿದ್ದೂ ಮದ್ದು ತಪ್ಪಾದ ಉದಾಹರಣೆ ಇದು.

11ರಲ್ಲಿ 4 ಮಕ್ಕಳು ಸರಳ ಪದಕ್ಕೆ ಬಂದರು, 2 ಮಕ್ಕಳು ವಲಸೆ, 5 ಮಕ್ಕಳು ಇದ್ದಲ್ಲೇ ಇದ್ದರು. ಆ ಐವರನ್ನು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ತೋರಿಸಿದಾಗ ಇಬ್ಬರಿಗೆ ದೃಷ್ಟಿದೋಷ, ಒಬ್ಬನಿಗೆ ಕಿವಿಯ ಸೋಂಕು ಇತ್ತು. ನಾಲ್ಕು ವರ್ಷದಿಂದ ಹಲಗೆ ಕಾಣದ ಮಗುವಿಗೆ ಶಾಲೆ ಅಕ್ಷರ ತೀಡಿಸುತ್ತಿತ್ತು. ಓದಿನ ಹಾಳೆ ಹಿಡಿಯುವ ಮುನ್ನವೇ ಗೋಡೆಗೆ ಅಕ್ಷರದ ಚಾರ್ಟು ಹಚ್ಚಿ ದೂರದಿಂದ ಓದಿಸಿ ನೋಡಿದ್ದರೆ ಐದು ತಿಂಗಳು ಉಳಿಯುತ್ತಿತ್ತು. ಈಗ ಅದು ಆ ಶಾಲೆಯಲ್ಲಿ ಮೊದಲ ದಿನದ ಕೆಲಸ.

ವಲಸೆಗೆ ಶಾಲೆ ಮಾಡಬಹುದಾದದ್ದು ಚಿಕ್ಕದು. ಹೋಗುವ ಪ್ರತಿ ಮಗುವಿನ ಕೈಗೆ ಅಂಗೈಯಗಲದ ರಟ್ಟಿನ ಚೀಟಿ: ಕೊನೆಗೆ ದಾಟಿದ ಹಂತ, ಮುಂದಿನ ಹತ್ತು ಪದ. ಮರಳಿದ ಎರಡು ದಿನದೊಳಗೆ ಹತ್ತು ನಿಮಿಷ ಓದಿಸಿ, ಬಿಟ್ಟ ಹಂತದ ಗುಂಪಿಗೇ ಸೇರಿಸಬೇಕು. ಫೆಬ್ರವರಿಯಲ್ಲಿ ಮೊದಲು ಬಂದವರು ಅಣ್ಣ-ತಂಗಿ. ತಂಗಿಯ ಚೀಟಿ ಎಣ್ಣೆ ಹಿಡಿದು ಮೆತ್ತಗಾಗಿತ್ತು, ಪದಗಳ ಮುಂದೆ ಯಾರೋ ಪೆನ್ಸಿಲಿನಲ್ಲಿ ಗೀಟು ಹಾಕಿದ್ದರು. ಅಣ್ಣನ ಚೀಟಿ ಕಳೆದಿತ್ತು. ನಲಿ-ಕಲಿ ಶಿಕ್ಷಕಿ ಹಾಜರಿ ಪುಸ್ತಕದ ಹಿಂದಿನ ರಟ್ಟಿನಲ್ಲಿ ಸಿಕ್ಕಿಸಿಟ್ಟ ನಕಲು ತೆಗೆದು, ‘ಮ’ ಒತ್ತಿನ ಗುಂಪಿನಲ್ಲಿ ಅವನಿಗೆ ಜಾಗ ಮಾಡಿಸಿದರು.